ಹಾಳೆಯ ಇನ್ನೊಂದು ಮಗ್ಗುಲು

ಮಾರ್ಚ್ 3, ಮಂಗಳವಾರ

ಒಂಬತ್ತನೇ ಅಧ್ಯಾಯದಲ್ಲಿ ಹದಿನೇಳು ತಪ್ಪು ಸಿಕ್ಕವು. ಹದಿನೆಂಟನೆಯದು ತಪ್ಪಾಗಿರಲಿಲ್ಲ. ಬಲಗಣ್ಣಿಗೆ ಏನೋ ಬಿದ್ದಿತ್ತು, ಅಂಗೈಯಿಂದ ಮುಚ್ಚಿಕೊಂಡು ಓದುತ್ತಿದ್ದೆ. ‘ಕಡಲತೀರ’ ಎಂಬ ಪದದ ನಡುವೆ ಒಂದಕ್ಷರ ಇರಲಿಲ್ಲ. ಕೆಂಪು ಪೆನ್ನಿನಿಂದ ಗುರುತು ಹಾಕಿದೆ. ಬಲಗಣ್ಣು ತೆರೆದಾಗ ಅಕ್ಷರ ತನ್ನ ಜಾಗದಲ್ಲೇ ಇತ್ತು. ಮೂವತ್ತೊಂದು ವರ್ಷದಲ್ಲಿ ಇಲ್ಲದ ತಪ್ಪನ್ನು ತಿದ್ದಿದ್ದು ಇದೇ ಮೊದಲು.

ಸಂಜೆ ಚೋಟು ಮತ್ತೆ ಕಾಗದದ ಜಗಳ ತೆಗೆದಳು. ತಂಗಿಯ ಮಗಳು, ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರು, ಎರಡು ವರ್ಷದಿಂದ ನನ್ನ ಜೊತೆ ಇದ್ದಾಳೆ. ಐದಡಿಗೆ ಎರಡಂಗುಲ ಕಡಿಮೆ ಇರುವವಳು ನನ್ನ ಕೆಲಸದ ಕೋಣೆಯ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

“ದೊಡ್ಡಮ್ಮ, ನಿನ್ನ ಗುರುತಿನ ಚೀಟಿಯ ನಕಲು ಇಲ್ಲಿ ಬಿದ್ದಿದೆ.”

“ಬಿದ್ದಿಲ್ಲ. ಇಟ್ಟಿದ್ದೇನೆ. ಒಂದು ಮಗ್ಗುಲು ಖಾಲಿ ಇದೆ.”

“ನಾನು ತಂದುಕೊಟ್ಟ ಮಷಿನ್ನು?”

“ಡಬ್ಬದಲ್ಲಿದೆ.”

“ಅದು ಕಾಗದ ಚೂರು ಮಾಡೋಕೆ. ಅದರ ಮೇಲೆ ನಿಘಂಟು ಇಡೋಕಲ್ಲ.”

ಅವಳಿಗೆ ಎಷ್ಟು ಸಲ ಹೇಳುವುದು. ಪ್ರೆಸ್ಸಿನವರು ಕರಡನ್ನು ಕಂಪ್ಯೂಟರಿಗೆ ಕಳಿಸುತ್ತಾರೆ. ಪರದೆಯ ಮೇಲೆ ನನಗೆ ತಪ್ಪು ಕಾಣುವುದಿಲ್ಲ, ಮುದ್ರಿಸಿಕೊಂಡು ತಿದ್ದಿ, ಆ ಹಾಳೆಗಳ ಕಟ್ಟನ್ನೇ ವಾಪಸ್ಸು ಕಳಿಸುತ್ತೇನೆ. ಒಂದು ಕಾದಂಬರಿಗೆ ನಾನೂರು ಹಾಳೆ. ಮನೆಗೆ ಬರುವ ಪ್ರತಿ ಪತ್ರಕ್ಕೂ ಒಂದು ಖಾಲಿ ಮಗ್ಗುಲಿರುವಾಗ ಹೊಸ ಕಾಗದವನ್ನು ಹಾಳು ಮಾಡುವವಳು ನಾನಲ್ಲ.

ಮಾರ್ಚ್ 5, ಗುರುವಾರ

ಎಡಗಣ್ಣಿನ ಹಿಂದಿನ ಪರದೆಯಲ್ಲಿ, ನಟ್ಟನಡುವೆ, ಸಣ್ಣ ತೂತಾಗಿದೆ. ಕಣ್ಣಿನ ಡಾಕ್ಟರು ಚಿತ್ರ ಬರೆದು ತೋರಿಸಿದರು. ನನಗಿಂತ ಚಿಕ್ಕವರು, ಮಾತು ನೇರ. ಈ ತಿಂಗಳೊಳಗೆ ಆಪರೇಷನ್ ಮಾಡಿದರೆ ಮುಚ್ಚುತ್ತದೆ. ಬಿಟ್ಟರೆ ದೊಡ್ಡದಾಗುತ್ತದೆ, ಆ ಕಣ್ಣಿನಲ್ಲಿ ಮತ್ತೆ ಓದಲು ಆಗುವುದಿಲ್ಲ. ಇಪ್ಪತ್ತನಾಲ್ಕಕ್ಕೆ ದಿನ ಕೊಟ್ಟರು.

“ಆಪರೇಷನ್ ಒಂದು ಗಂಟೆ ಕೆಲಸ. ಕಷ್ಟ ಇರೋದು ಆಮೇಲೆ. ಏಳು ದಿನ ಮುಖ ನೆಲಕ್ಕೆ ಮಾಡಿಕೊಂಡೇ ಇರಬೇಕು. ಊಟ, ನಿದ್ದೆ ಎಲ್ಲಾ ಹಾಗೇ. ಮನೇಲಿ ಯಾರಿದ್ದಾರೆ?”

“ತಂಗಿಯ ಮಗಳು.”

“ಒಳ್ಳೇದಾಯ್ತು. ಇದು ಒಬ್ಬರೇ ನಿಭಾಯಿಸೋದಲ್ಲ.”

ಚೋಟು ಶಾಲೆಗೆ ರಜೆ ಹಾಕುತ್ತಾಳಂತೆ. “ಏಳು ದಿನ ನೀನು ನನ್ನ ಕಾಲು ಮಾತ್ರ ನೋಡಬೇಕು ದೊಡ್ಡಮ್ಮ. ಉಗುರಿಗೆ ಬಣ್ಣ ಹಚ್ಚಿಕೊಳ್ಳಲಾ?” ಎಂದಳು.

ಮಾರ್ಚ್ 9, ಸೋಮವಾರ

ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ಇಲ್ಲದಿದ್ದರೆ ನಾನೇ ನಂಬುವುದಿಲ್ಲ.

ಹನ್ನೊಂದು ಗಂಟೆಗೆ ಆಪರೇಷನ್ನಿಗೆ ಮುಂಚಿನ ತಪಾಸಣೆ. ನರ್ಸ್ ನನ್ನ ಆರೋಗ್ಯ ಕಾರ್ಡಿನ ಸಂಖ್ಯೆ ಒತ್ತಿ, ಪರದೆಯಿಂದ ಕಣ್ಣೆತ್ತದೆ ಕೇಳಿದಳು. “ಹೋದ ಜುಲೈನಲ್ಲಿ ಗರ್ಭಕೋಶ ತೆಗೆದಿದ್ದಾರಲ್ಲ, ಈಗೇನೂ ತೊಂದರೆ ಇಲ್ವಾ?”

“ಯಾರದ್ದು?”

“ನಿಮ್ಮದೇ.”

ನಾನು ಆಸ್ಪತ್ರೆಯಲ್ಲಿ ಒಂದು ರಾತ್ರಿಯೂ ಮಲಗಿದವಳಲ್ಲ ಎಂದೆ. ಅವಳು ಪರದೆಯನ್ನು ನನ್ನತ್ತ ತಿರುಗಿಸಿದಳು. ನನ್ನ ಹೆಸರು, ನನ್ನ ಜನ್ಮದಿನ, ನನ್ನ ಬೀದಿ, ನನ್ನ ಮನೆಯ ಸಂಖ್ಯೆ. ಜುಲೈ ಹದಿನಾಲ್ಕರಿಂದ ಹತ್ತೊಂಬತ್ತು. ರಕ್ತದ ಗುಂಪು ಬಿ. ನನ್ನದು ಓ. ಪೆನಿಸಿಲಿನ್ ಕೊಡಕೂಡದು ಎಂದು ಕೆಂಪು ಅಕ್ಷರದಲ್ಲಿತ್ತು. ನನಗೆ ಅದರಿಂದ ಯಾವತ್ತೂ ಏನೂ ಆಗಿಲ್ಲ.

ಕುರ್ಚಿಯ ಹಿಡಿಯನ್ನು ಹಿಡಿದುಕೊಂಡೇ ಓದಿದೆ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಅದನ್ನು ಯಾಕೆ ಗಮನಿಸಿದೆನೋ.

ದಾಖಲೆ ವಿಭಾಗಕ್ಕೆ ಕಳಿಸಿದರು. ಅಲ್ಲಿನ ಗುಮಾಸ್ತ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕಡತ ತೆಗೆದ. “ಕಾರ್ಡು ನಿಮ್ದು, ತಾರೀಕು ನಿಮ್ದು, ವಿಳಾಸ ನಿಮ್ದು. ಹೊಟ್ಟೆ ಮಾತ್ರ ನಿಮ್ದಲ್ಲ ಅಂತೀರಿ.”

“ಹೌದು.”

“ಮತ್ತೆ ಈ ಫೋಟೋ?”

ಅದು ನನ್ನ ಗುರುತಿನ ಚೀಟಿಯ ನಕಲಿನ ನಕಲು. ಮುಖವಿರುವ ಕಡೆ ಮಸಿ ಮೆತ್ತಿದಂತಿತ್ತು. ನಡುವಯಸ್ಸು ದಾಟಿದ ಯಾವ ಹೆಂಗಸಾದರೂ ಅದು ತಾನೇ ಎನ್ನಬಹುದಿತ್ತು.

ದಾಖಲೆ ಸರಿಯಾಗುವವರೆಗೆ ಕಣ್ಣಿಗೆ ಕೈಹಚ್ಚುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಅವರದು ಸರಿ. ಈ ಕಡತ ನಂಬಿ ನನಗೆ ರಕ್ತ ಕೊಟ್ಟರೆ ನಾನು ಸಾಯುತ್ತೇನೆ.

ಕಡತದ ಕೊನೆಯ ಹಾಳೆಯ ವಿಷಯವನ್ನು ಇಲ್ಲಿ ಇನ್ನೂ ಬರೆದಿಲ್ಲ. ಸೇರಿಸಿಕೊಳ್ಳುವಾಗ ತುಂಬಿಸುವ ಹಾಳೆ ಅದು. ‘ಜೊತೆಗಿರುವವರು’ ಎಂಬಲ್ಲಿ ಹೀಗಿದೆ: ತಂಗಿಯ ಮಗಳು.

ಮಾರ್ಚ್ 10, ಮಂಗಳವಾರ

ಕಣ್ಣಿಗೆಂದು ಹೋದವಳ ಹೊಟ್ಟೆಯನ್ನು ಸ್ಕ್ಯಾನ್ ಮಾಡಿದರು. “ಇದೆ,” ಎಂದಳು ಯಂತ್ರದ ಮುಂದಿನ ಹುಡುಗಿ. ಐವತ್ತೆಂಟು ವರ್ಷ ಯಾರ ಉಪಯೋಗಕ್ಕೂ ಬಾರದೆ ಇದ್ದದ್ದು ನಾನು ನಾನೇ ಎಂದು ಸಾಕ್ಷಿ ಹೇಳಿತು.

ಗುಮಾಸ್ತ ಸ್ಕ್ಯಾನ್ ವರದಿ ತೆಗೆದುಕೊಂಡು, ಪೊಲೀಸ್ ದೂರಿನ ಪ್ರತಿಯನ್ನೂ ತಂದರೆ ಕಡತ ಬೇರ್ಪಡಿಸುತ್ತೇನೆ, ಹತ್ತು ದಿನ ಹಿಡಿಯುತ್ತದೆ ಎಂದ. ಠಾಣೆಗೆ ಹೋದೆ. ಇನ್ಸ್‌ಪೆಕ್ಟರು ಸಭ್ಯರು. ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿ ಕೇಳಿದರು.

“ಹೊರಗಿನವರಿಗೆ ಇಷ್ಟೆಲ್ಲ ಗೊತ್ತಿರಲ್ಲ ಮೇಡಂ. ನಿಮ್ಮ ಕಂಪ್ಯೂಟರಿನ ಪಾಸ್‌ವರ್ಡ್ ಯಾರಿಗೆ ಗೊತ್ತು?”

“ತಂಗಿಯ ಮಗಳಿಗೆ. ಅವಳೇ ಹಾಕಿಕೊಟ್ಟದ್ದು.”

ಅವರು ಮುಚ್ಚಳ ತೆಗೆದು ಮತ್ತೆ ಬರೆದುಕೊಂಡರು.

ಬರುವಾಗ ಮೂರು ಬೀಗ ಕೊಂಡೆ. ಕೋಣೆಗೊಂದು, ಕಪಾಟಿಗೊಂದು, ಮೇಜಿನ ಡ್ರಾಯರಿಗೊಂದು. ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿದೆ. ಕಂಪ್ಯೂಟರಿನ ಕ್ಯಾಮೆರಾಕ್ಕೆ ಕಪ್ಪು ಪಟ್ಟಿ ಅಂಟಿಸಿದೆ. ಇನ್ನು ಈ ಕೋಣೆಯಿಂದ ನನ್ನ ಬಗ್ಗೆ ಒಂದಕ್ಷರವೂ ಹೊರಗೆ ಹೋಗುವುದಿಲ್ಲ.

ಕೆಲಸ ನಿಲ್ಲಿಸಲಾಗದು. ಹನ್ನೊಂದನೇ ಅಧ್ಯಾಯದ ಮೂವತ್ತಾರು ಹಾಳೆ ಮುದ್ರಿಸಿ, ತಿದ್ದಿ, ಪ್ರೆಸ್ಸಿಗೆ ಕಳಿಸಿದೆ. ಹೊಸ ಕಾಗದ ಮುಟ್ಟಲಿಲ್ಲ.

ಮಾರ್ಚ್ 12, ಗುರುವಾರ

ಕೇಳಿದೆ. ಎರಡು ದಿನ ತಡೆದುಕೊಂಡಿದ್ದೆ.

“ಹೋದ ಜುಲೈ ಹದಿನಾಲ್ಕರಿಂದ ಹತ್ತೊಂಬತ್ತರವರೆಗೆ ಎಲ್ಲಿದ್ದೆ?”

“ಜುಲೈಯಾ? ನಿನ್ನೆ ಮಧ್ಯಾಹ್ನ ಏನು ತಿಂದೆ ಅಂತಲೇ ನೆನಪಿಲ್ಲ ನಂಗೆ,” ಎಂದು ನಕ್ಕಳು. ಆಸ್ಪತ್ರೆಯ ಆ ಹಾಳೆಯ ಪ್ರತಿಯನ್ನು ಮುಂದಿಟ್ಟೆ. ಓದಿದಳು. ಮತ್ತೊಮ್ಮೆ ಓದಿದಳು.

“ಇದನ್ನ ನಾನು ಬರೆದೆ ಅಂತೀಯಾ?”

“ಕೇಳುತ್ತಿದ್ದೇನೆ, ಅಷ್ಟೆ.”

“ಕೇಳೋದಕ್ಕೂ ಒಂದು ದನಿ ಇರುತ್ತೆ ದೊಡ್ಡಮ್ಮ. ನೀನು ತಪ್ಪು ಹುಡುಕೋ ದನೀಲಿ ಕೇಳ್ತಿದ್ದೀಯ.”

“ನಿನ್ನ ಗೆಳತಿಯರು ಯಾರಿಗಾದರೂ ಸಹಾಯ ಮಾಡಲು...”

“ಸಾಕು.”

ಒಂದು ಚೀಲಕ್ಕೆ ಬಟ್ಟೆ ತುಂಬಿದಳು. ಶಾಲೆಯ ಹತ್ತಿರ ಗೆಳತಿಯ ಕೋಣೆ ಇದೆ ಎಂದಳು. ಹೋಗುವ ಮುಂಚೆ ಆ ಚೂರು ಮಾಡುವ ಯಂತ್ರವನ್ನು ಡಬ್ಬದಿಂದ ತೆಗೆದು ನನ್ನ ಮೇಜಿನ ಪಕ್ಕದಲ್ಲಿಟ್ಟು, ಪ್ಲಗ್ಗನ್ನೂ ಚುಚ್ಚಿದಳು.

“ಇದನ್ನಾದ್ರೂ ಬಳಸು. ನಾನು ಹೋದ್ರೂ ಕಳ್ಳರು ಇರ್ತಾರೆ.”

ಮನೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಅಳಲಿಲ್ಲ. ತಪ್ಪಿಲ್ಲದವರು ಅಳುತ್ತಾರೆ ಎಂದು ಎಲ್ಲೋ ಓದಿದ ನೆನಪು.

ಮಾರ್ಚ್ 13, ಶುಕ್ರವಾರ

ಮನೆ ಭದ್ರವಾಗಿದೆ.

ಮಾರ್ಚ್ 16, ಸೋಮವಾರ

ಈಗಲೇ ಬರೆದಿಡುತ್ತೇನೆ. ಅಕ್ಷರ ಸೊಟ್ಟಗಾದರೆ ಆಗಲಿ.

ಹೋದ ವರ್ಷ ತಿದ್ದಿದ ಒಂದು ಕಾದಂಬರಿಯಲ್ಲಿ ‘ಹಡಗುಕಟ್ಟೆ’ ಎಂಬ ಪದವನ್ನು ಬಿಡಿಸಿ ಬರೆದಿದ್ದೆವೋ ಕೂಡಿಸಿ ಬರೆದಿದ್ದೆವೋ ನೋಡಬೇಕಿತ್ತು. ಮೇಲಿನ ಸಾಲಿನಿಂದ ಪುಸ್ತಕ ಎಳೆದೆ. ಎಡಗಣ್ಣಿನ ದೆಸೆಯಿಂದ ದೂರದ ಅಂದಾಜು ತಪ್ಪುತ್ತಿದೆ. ಪುಸ್ತಕ ಕೈಜಾರಿ ಮೇಜಿನ ಮೂಲೆಗೆ ಬಿದ್ದು ಅದರ ಬೆನ್ನು ಸೀಳಿತು.

ರಟ್ಟಿನ ಬೆನ್ನಿನೊಳಗೆ, ಗಟ್ಟಿಯಾಗಲೆಂದು ಅಂಟಿಸಿದ ಕಾಗದದ ಪಟ್ಟಿ ಇತ್ತು. ಅದರ ಮೇಲೆ ಕೈಬರಹ. ನನ್ನ ಕೈಬರಹ. ‘ತುರ್ತಿಗೆ ಕರೆಯಬೇಕಾದವರು: ತಂಗಿಯ ಮಗಳು.’

ಎರಡು ವರ್ಷದ ಹಿಂದೆ ಆರೋಗ್ಯ ಕಾರ್ಡಿಗೆ ತುಂಬಿಸಿದ ಅರ್ಜಿಯ ನಕಲು ಅದು. ಪಟ್ಟಿಯ ತುದಿಯನ್ನು ಎಬ್ಬಿಸಿ ತಿರುಗಿಸಿದೆ. ಇನ್ನೊಂದು ಮಗ್ಗುಲಲ್ಲಿ ಕಾದಂಬರಿಯ ಎರಡು ಸಾಲು, ನಡುವೆ ನನ್ನದೇ ಕೆಂಪು ಗುರುತು. ಅಲ್ಪವಿರಾಮ ಬೇಡ ಎಂದು ಹೇಳುವ ಗುರುತು.

ಪುಸ್ತಕದ ಪುಟದ ಮೂಲೆ ಮಡಚಿದವರನ್ನೂ ಕ್ಷಮಿಸದ ನಾನು ಇವತ್ತು ಕಾಗದದ ಚಾಕುವಿನಿಂದ ಹನ್ನೆರಡು ಪುಸ್ತಕಗಳ ಬೆನ್ನು ಸೀಳಿದೆ. ಏಳರಲ್ಲಿ ನಾನಿದ್ದೆ. ಒಂದರಲ್ಲಿ ಜನ್ಮದಿನ. ಒಂದರಲ್ಲಿ ಅಪ್ಪನ ಮರಣ ಪತ್ರದ ಅರ್ಧ. ಒಂದರಲ್ಲಿ ಕಪ್ಪಾದ ನನ್ನ ಮುಖದ ಒಂದು ಕಿವಿ. ಅವು ನನ್ನ ಪ್ರತಿಗಳು ಮಾತ್ರ. ಉಳಿದವು ಗ್ರಂಥಾಲಯಗಳಲ್ಲಿ, ಅಂಗಡಿಗಳಲ್ಲಿ, ಗುರುತಿಲ್ಲದವರ ಮನೆಗಳಲ್ಲಿ ಸಾಲಾಗಿ ನಿಂತಿವೆ.

ಯಾರೂ ಈ ಕೋಣೆಗೆ ನುಗ್ಗಿಲ್ಲ. ಯಾರೂ ಪಾಸ್‌ವರ್ಡ್ ಕದ್ದಿಲ್ಲ. ವರ್ಷಗಟ್ಟಲೆ ನನ್ನನ್ನು ನಾನೇ ದಾರದಿಂದ ಕಟ್ಟಿ ಪ್ರೆಸ್ಸಿಗೆ ಕಳಿಸಿದ್ದೇನೆ. ಮುಂದಿನ ಮಗ್ಗುಲನ್ನು ಮೂರು ಸಲ ಓದುತ್ತಿದ್ದೆ. ಹಿಂದಿನದನ್ನು ಒಮ್ಮೆಯೂ ಓದಲಿಲ್ಲ.

ಕಳೆದ ವಾರ ಕಳಿಸಿದ ಮೂವತ್ತಾರು ಹಾಳೆಗಳ ಹಿಂದೆ ಏನಿತ್ತೋ ಗೊತ್ತಿಲ್ಲ.

ಚೋಟುವಿಗೆ ಫೋನ್ ಮಾಡಿದೆ. ತೆಗೆಯಲಿಲ್ಲ.

ಮಾರ್ಚ್ 17, ಮಂಗಳವಾರ

ಪ್ರೆಸ್ಸಿನ ಯಜಮಾನರಿಗೆ ಸೀಳಿದ ಬೆನ್ನನ್ನು ತೋರಿಸಿದೆ. ಅವರಿಗೆ ಹೆಮ್ಮೆಯೇ ಆಯಿತು. “ನೀವು ಕಾಗದ ಹಾಳು ಮಾಡಲ್ಲ ಅಂತ ನೋಡಿ ನಾವೂ ಕಲಿತಿದ್ದು ಮೇಡಂ. ತಿದ್ದುಪಡಿ ಹಾಕಿದ ಮೇಲೆ ಆ ಹಾಳೆ ಎಲ್ಲಾ ಬೈಂಡಿಂಗಿಗೆ ಕೊಡ್ತೀವಿ. ಒಂದು ಚೂರೂ ಆಚೆ ಬಿಸಾಡಲ್ಲ.”

ಬೈಂಡಿಂಗ್ ಹಿಂದಿನ ಕೋಣೆಯಲ್ಲಿ. ಒಬ್ಬಳೇ ಹೆಂಗಸು, ನನ್ನದೇ ವಯಸ್ಸು, ಬೆರಳುಗಳಲ್ಲಿ ಒಣಗಿದ ಅಂಟು. ನನ್ನನ್ನು ಯಾವತ್ತೂ ನೋಡಿದವಳಲ್ಲ. ಬಾಗಿಲಲ್ಲಿ ನಿಂತವಳನ್ನು ನೋಡಿ ಸೂಜಿಯನ್ನು ಕೆಳಗಿಟ್ಟಳು.

“ನೀವೇ ಅಲ್ವಾ,” ಎಂದಳು.

ಯಜಮಾನರು ಆಚೆ ಹೋಗುವವರೆಗೆ ಇಬ್ಬರೂ ಕಾದೆವು.

“ಮೂರು ವರ್ಷದಿಂದ ನಿಮ್ಮನ್ನ ಓದ್ತಿದ್ದೀನಿ. ಮುಂದಿನ ಕಥೆ ನಂಗೆ ರುಚಿಸಲ್ಲ, ಬರೀ ಬೇರೆ ದೇಶದ್ದು. ಹಿಂದಿನದು ಚೆನ್ನಾಗಿರ್ತಿತ್ತು.”

“ನನ್ನ ಹೆಸರಿನಲ್ಲಿ ಆಪರೇಷನ್ ಮಾಡಿಸಿಕೊಂಡಿರಿ.”

“ಹೌದು.”

“ನಿಮ್ಮ ಹೆಸರಿನಲ್ಲಿ ಯಾಕೆ ಆಗಲಿಲ್ಲ?”

“ನನ್ನ ಕಾಗದ ಎಲ್ಲಾ ಗಂಡನ ಮನೇಲಿದೆ. ಉಟ್ಟ ಸೀರೇಲಿ ಬಂದೋಳು ನಾನು. ಕೇಳೋಕೆ ಹೋದ್ರೆ ಅವನು ಕಾಗದ ಕೊಡಲ್ಲ, ನನ್ನನ್ನೇ ಇಟ್ಕೋತಾನೆ.” ಅಂಟಿನ ಬಟ್ಟಲಿಗೆ ಮುಚ್ಚಳ ಮುಚ್ಚಿದಳು. “ಆರು ತಿಂಗಳು ರಕ್ತ ಹೋಯ್ತು. ನಿಂತಲ್ಲೇ ಬಿದ್ದೆ ಒಂದಿನ. ಆವತ್ತು ನಿಮ್ಮ ಹಾಳೆ ಕೈಲಿತ್ತು. ಹೆಸರು, ಹುಟ್ಟಿದ ತಾರೀಕು, ವಿಳಾಸ ಮಾತ್ರ ನಿಮ್ದು ಹೇಳಿದೆ. ಪೆನಿಸಿಲಿನ್ ಆಗಲ್ಲ ಅಂತ, ಉಳಿದಿದ್ದೆಲ್ಲ ನಿಜಾನೇ ಹೇಳಿದೆ.”

“ನನ್ನ ತಂಗಿಯ ಮಗಳ ಮಾತು ಯಾಕೆ ಬಂತು? ಜೊತೆಗೆ ಯಾರಿದ್ದರು?”

“ಯಾರೂ ಇಲ್ಲ. ಆ ಜಾಗ ಖಾಲಿ ಬಿಟ್ರೆ ಸೇರಿಸ್ಕೊಳ್ಳಲ್ಲ ಅಂದ್ರು. ನಿಮ್ಮ ಹಾಳೇಲಿ ಇದ್ದಿದ್ದನ್ನೇ ಬರ್ದು, ಕೆಳಗೆ ಒಂದು ಸಹಿ ಗೀಚಿದೆ. ಅದನ್ನ ಬರೆಯೋವಾಗ ಒಂಥರಾ ಧೈರ್ಯ ಬಂತು.”

ಪೊಲೀಸರಿಗೆ ಹೇಳುತ್ತೀರಾ ಎಂದು ಅವಳು ಕೇಳಲಿಲ್ಲ. ಹೇಳುತ್ತೇನೆ ಎಂದು ನಾನು ಹೇಳಲಿಲ್ಲ. ಹೊರಡುವಾಗ ಹೆಸರು ಕೇಳಿದೆ. ಹೇಳಿದಳು.

ಈ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಆ ಹೆಂಗಸಿನ ಜೊತೆ ಯಾರೂ ಇರಲಿಲ್ಲ ಎಂಬುದು ಮತ್ತೆ ಮತ್ತೆ ನೆನಪಾಗುತ್ತಿದೆ.

ಮಾರ್ಚ್ 18, ಬುಧವಾರ

ಒಂದು ಸಣ್ಣ ಕೆಲಸ ಮಾಡಿದೆ. ಕಡತವನ್ನು ಬೇರ್ಪಡಿಸುವುದು ಶುಕ್ರವಾರ. ಬೇರ್ಪಡಿಸಿದ ಹಾಳೆಗಳಿಗೆ ಒಡೆಯರಿಲ್ಲದ್ದರಿಂದ ಅವನ್ನು ನಾಶ ಮಾಡುತ್ತಾರಂತೆ. ಶುಕ್ರವಾರದವರೆಗೆ ಅವು ನನ್ನ ಹೆಸರಿನಲ್ಲಿರುವುದರಿಂದ ಪ್ರತಿ ಕೇಳುವ ಹಕ್ಕು ನನಗಿದೆ. ಕೇಳಿದೆ.

“ನಿಮ್ದಲ್ಲ ಅಂತ ಜಗಳ ಆಡಿದ್ದು ನೀವೇ. ಈಗ ಪ್ರತಿ ಯಾಕೆ?” ಎಂದ ಗುಮಾಸ್ತ.

“ನನ್ನ ಹೆಸರಿದೆಯಲ್ಲ.”

ಅವನು ಪೆನ್ಸಿಲನ್ನು ಈ ಕಿವಿಯಿಂದ ಆ ಕಿವಿಗೆ ವರ್ಗ ಮಾಡಿ, ಮೂವತ್ತೆರಡು ಪುಟ ತೆಗೆದುಕೊಟ್ಟ. ಮನೆಯಲ್ಲಿ ನನ್ನ ಹೆಸರು, ಸಂಖ್ಯೆ, ವಿಳಾಸ ಇದ್ದಲ್ಲೆಲ್ಲ ಕತ್ತರಿಸಿದೆ. ಕತ್ತರಿಸಿದ್ದನ್ನು ಚೋಟುವಿನ ಯಂತ್ರಕ್ಕೆ ಹಾಕಿದೆ. ಅದು ಅಷ್ಟು ಗದ್ದಲ ಮಾಡುತ್ತದೆಂದು ಗೊತ್ತಿರಲಿಲ್ಲ. ರಕ್ತದ ಗುಂಪು, ಪೆನಿಸಿಲಿನ್ ಎಚ್ಚರಿಕೆ, ಹೊಲಿಗೆಯ ವಿವರ ಉಳಿದವು. ಲಕೋಟೆಗೆ ಹಾಕಿ ಬೈಂಡಿಂಗ್ ಕೋಣೆಗೆ ಒಯ್ದೆ.

ಆಕೆ ತೆರೆದು ಒಂದೊಂದೇ ಹಾಳೆ ತಿರುವಿದರು. “ಎರಡೂ ಮಗ್ಗುಲು ನೋಡಿದ್ರಾ?” ಎಂದರು ಆಮೇಲೆ.

“ನೋಡಿದೆ.”

ಹನ್ನೊಂದನೇ ಅಧ್ಯಾಯದ ಮೂವತ್ತಾರು ಹಾಳೆಗಳನ್ನು ಕಪಾಟಿನಿಂದ ತೆಗೆದು ನನ್ನ ಕೈಗಿಟ್ಟರು. ಅದೇ ದಾರ, ನಾನು ಹಾಕಿದ ಗಂಟು.

ಮಾರ್ಚ್ 20, ಶುಕ್ರವಾರ

ಕಡತ ಬೇರೆಯಾಯಿತು. ಇಪ್ಪತ್ತನಾಲ್ಕು ಖಚಿತ.

ಮೂರೂವರೆಗೆ ಶಾಲೆಯ ಗೇಟಿನ ಹತ್ತಿರ ನಿಂತೆ. ಬೇಡಲು ಬಂದಿಲ್ಲ, ತಪ್ಪೊಪ್ಪಿಕೊಳ್ಳಲು ಬಂದಿದ್ದೇನೆ ಎಂದು ಒಂದು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ಚೋಟು ಬಂದಳು. ವಾಕ್ಯ ನೆನಪಿಗೆ ಬರಲಿಲ್ಲ. ಸೀಳಿದ ಪುಸ್ತಕವನ್ನು ಕೊಟ್ಟೆ.

ನಿಂತೇ ಓದಿದಳು. ಪಟ್ಟಿಯನ್ನು ತಿರುಗಿಸಿದಳು. ಮಕ್ಕಳು ನಮ್ಮಿಬ್ಬರ ನಡುವೆ ತೂರಿ ಓಡುತ್ತಿದ್ದರು.

“ಇದು ನಿನ್ನ ಅಕ್ಷರ.”

“ಹೌದು.”

“ಒಂದು ಮಗ್ಗುಲು ಖಾಲಿ ಇದೆ ಅಂತ.”

“ಹೌದು.”

“ನನ್ನನ್ನ ಕಳ್ಳಿ ಮಾಡಿದೆ ದೊಡ್ಡಮ್ಮ.”

“ಹೌದು.”

“ಹೌದು, ಹೌದು ಅಂತ ತಲೆ ಆಡಿಸಬೇಡ. ಕಣ್ಣಿಗೆ ಒಳ್ಳೇದಲ್ಲ,” ಎಂದು ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ಬರುತ್ತೇನೆ ಎಂದೂ ಹೇಳಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಚೀಲ ಹಿಡಿದುಕೊಂಡು ನನ್ನ ಎಡಗಡೆಯಲ್ಲಿ ನಡೆದಳು. ನನಗೆ ಸರಿಯಾಗಿ ಕಾಣದ ಕಣ್ಣು ಆ ಕಡೆ.

ಮಾರ್ಚ್ 26, ಗುರುವಾರ

ಇದನ್ನು ಬರೆಯುತ್ತಿರುವುದು ಚೋಟು. ಹೇಳುತ್ತಿರುವುದು ನಾನು. ಮುಖ ಕೆಳಗೆ ಮಾಡಿಕೊಂಡು, ನಡುವೆ ತೂತಿರುವ ದಿಂಬಿನ ಮೇಲೆ ಮಲಗಿ ಎರಡು ದಿನವಾಯಿತು. ಇನ್ನು ಐದು ದಿನ. ತೂತು ಮುಚ್ಚುವ ಲಕ್ಷಣವಿದೆ ಎಂದು ಡಾಕ್ಟರು ಹೇಳಿದ್ದಾರೆ. ನೆಲದ ಹಂಚುಗಳಲ್ಲಿ ಒಂದನ್ನು ತಿರುಗುಮುರುಗಾಗಿ ಕೂರಿಸಿದ್ದಾರೆ. ಇಪ್ಪತ್ತು ವರ್ಷದಿಂದ ನೋಡಿರಲಿಲ್ಲ. ಚೋಟು ಉಗುರಿಗೆ ಹಸಿರು ಬಣ್ಣ ಹಚ್ಚಿದ್ದಾಳೆ.

(ಹಸಿರಲ್ಲ, ನೀಲಿ. ಒಂದೇ ಕಣ್ಣಲ್ಲಿ ನೋಡ್ತಿದ್ದಾಳೆ, ಬಿಟ್ಟುಬಿಡೋಣ.)

ಬೆಳಿಗ್ಗೆ ಇನ್ಸ್‌ಪೆಕ್ಟರು ಫೋನ್ ಮಾಡಿದರು. ಚೋಟು ನನ್ನ ಕಿವಿಗೆ ಹಿಡಿದಳು.

“ಯಾರ ಮೇಲಾದ್ರೂ ಅನುಮಾನ ಗಟ್ಟಿಯಾಯ್ತಾ ಮೇಡಂ?”

“ನಾನೇ ಕೊಟ್ಟದ್ದು ಎಂದು ಗೊತ್ತಾಯಿತು. ಹಿಂದೆ ಏನಿದೆ ಎಂದು ನೋಡದೆ ಕಾಗದ ಹೊರಗೆ ಕಳಿಸಿದ್ದೇನೆ, ವರ್ಷಗಟ್ಟಲೆ. ದೂರು ವಾಪಸ್ಸು ತೆಗೆದುಕೊಳ್ಳುತ್ತೇನೆ.”

“ತಗೊಂಡೋರು ಯಾರೋ ಇರಬೇಕಲ್ಲ?”

“ಕೊಟ್ಟವಳ ಹೆಸರು ನಿಮ್ಮ ಹತ್ತಿರ ಇದೆ.”

ಅವರು ಒಂದು ನಿಟ್ಟುಸಿರು ಬಿಟ್ಟು, ಎದ್ದು ಓಡಾಡುವಂತಾದ ಮೇಲೆ ಬಂದು ಸಹಿ ಹಾಕಿ ಎಂದರು.

ಇಷ್ಟು ಬರೆದ ಮೇಲೆ ಚೋಟು, “ಆ ಬೈಂಡಿಂಗ್‌ನವರ ಹೆಸರೇನು ದೊಡ್ಡಮ್ಮ? ಇಲ್ಲಿ ಬರೀತೀನಿ,” ಎಂದಳು. ಅವರ ಹೆಸರು ನನಗೆ ಗೊತ್ತು. ಜಾಗ ಬಿಡು ಎಂದೆ. ಬಿಟ್ಟಿದ್ದಾಳೆ: ____________

ಆಮೇಲೆ ಕೇಳಿದಳು. “ಹಿಂದಿನ ಪುಟ ಓದಲಾ?”

ಈ ದಿನಚರಿಯನ್ನು ನಾನಲ್ಲದೆ ಯಾರೂ ತೆರೆದಿರಲಿಲ್ಲ. ಓದು ಎಂದೆ.

ಪುಟ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. ಒಂದು ಕಡೆ ಸದ್ದು ಬಹಳ ಹೊತ್ತು ನಿಂತಿತು. ಆ ನೀಲಿ ಉಗುರುಗಳನ್ನೇ ನೋಡುತ್ತಿದ್ದೆ. ಬೆರಳುಗಳು ಒಮ್ಮೆ ಮುದುಡಿದವು.

“ಇದರಲ್ಲಿ ಒಂದು ತಪ್ಪಿದೆ,” ಎಂದಳು.

“ಎಲ್ಲಿ?”

“ಹನ್ನೆರಡನೇ ತಾರೀಕು. ಅಳಲಿಲ್ಲ ಅಂತ ಬರೆದಿದ್ದೀಯ. ಅತ್ತಿದ್ದೆ. ಬಾಗಿಲು ಎಳೆದ ಮೇಲೆ, ಮೆಟ್ಟಿಲ ಮೇಲೆ ಕೂತು.”

“ತಿದ್ದು,” ಎಂದೆ.

“ಕೆಂಪು ಪೆನ್ನು?”

“ಮೇಜಿನ ಡ್ರಾಯರಿನಲ್ಲಿ. ಬೀಗದ ಕೈ ಈ ದಿಂಬಿನ ಕೆಳಗಿದೆ, ತಗೋ.”